ಬ್ಲೇಡು, ಟೇಪು ಮತ್ತು ಡೀಲಿಯಾ ಡಾರ್ಬಿಶರ್

ಕಳೆದ ರಾಜ್ಯೋತ್ಸವದ ನಾಟಕಕ್ಕೆ ಬೇಕಾದ ಶಬ್ದಗಳನ್ನ ನಾವೇ ಹಾಸ್ಟೆಲ್ ರೂಮಲ್ಲಿ ಕೂತು ಮಾಡಿಕೊಂಡೆವು. ಮೊರದಲ್ಲಿ ಅಕ್ಕಿ ಆಡಿಸಿದ್ರೆ ಮಳೆ. ಮೆಸ್ಸಿನ ಸ್ಟೀಲ್ ತಟ್ಟೆಗೆ ಚಮಚದಲ್ಲಿ ಹೊಡೆದು, ರೆಕಾರ್ಡ್ ಮಾಡಿ, ಅಡಾಸಿಟಿಯಲ್ಲಿ ನಿಧಾನ ಮಾಡಿದ್ರೆ ದೂರದ ಗುಡಿಯ ಗಂಟೆ. ಎರಡು ನಿಮಿಷದ ಕಾಡಿನ ವಾತಾವರಣಕ್ಕೆ ಮೂರು ರಾತ್ರಿ ನಿದ್ದೆಗೆಟ್ಟೆವು. ಅದೂ ಅನ್‌ಡೂ ಬಟನ್ ಇಟ್ಕೊಂಡು! ಆ ಬಟನ್ ಇಲ್ಲದ ಕಾಲದಲ್ಲಿ ಇದೇ ಕೆಲಸವನ್ನ ಬ್ಲೇಡು ಹಿಡಿದು ಮಾಡಿದವರು ಡೀಲಿಯಾ ಡಾರ್ಬಿಶರ್.

ಅವರು ಹುಟ್ಟಿದ್ದು 1937ರ ಮೇ 5ರಂದು, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಮೂರು ವರ್ಷದ ಮಗುವಾಗಿದ್ದಾಗ ಜರ್ಮನ್ ವಿಮಾನಗಳು ಆ ಊರಿನ ಮೇಲೆ ಬಾಂಬು ಸುರಿದವು. ಬರೀ ಶಬ್ದದ ಮೇಲಿನ ತಮ್ಮ ಮೋಹ ಆ ದಿನಗಳ ಸೈರನ್‌ಗಳಿಂದ ಶುರುವಾಯ್ತು ಅಂತ ಮುಂದೆ ಅವರು ಹೇಳುತ್ತಿದ್ದರು. ಕಾರ್ಮಿಕ ಕುಟುಂಬದ ಹುಡುಗಿ. ಕೇಂಬ್ರಿಜ್‌ನ ಗರ್ಟನ್ ಕಾಲೇಜು ಸೇರಿ ಗಣಿತ ಮತ್ತು ಸಂಗೀತ ಎರಡನ್ನೂ ಓದಿದರು. 1959ರಲ್ಲಿ ಡೆಕ್ಕಾ ಕಂಪನಿಗೆ ಕೆಲಸ ಕೇಳಿದ್ರೆ, ರೆಕಾರ್ಡಿಂಗ್ ಸ್ಟುಡಿಯೋಗೆ ಹೆಂಗಸರನ್ನ ತಗೊಳ್ಳೋದಿಲ್ಲ ಅಂದುಬಿಟ್ಟರು. ಮರುವರ್ಷ ಬಿಬಿಸಿ ಸೇರಿದರು. 1962ರಲ್ಲಿ ಅಲ್ಲಿನ ರೇಡಿಯೋಫೋನಿಕ್ ವರ್ಕ್‌ಶಾಪಿಗೆ ಬಂದರು. ರೇಡಿಯೋ, ಟೀವಿ ನಾಟಕಗಳಿಗೆ ವಿಚಿತ್ರ ಶಬ್ದ ಬೇಕಾದಾಗ ಎಲ್ಲರೂ ಓಡಿಬರುತ್ತಿದ್ದ ಜಾಗ ಅದು.

1963ರಲ್ಲಿ 'ಡಾಕ್ಟರ್ ಹೂ' ಧಾರಾವಾಹಿಯ ಶೀರ್ಷಿಕೆ ಸಂಗೀತ ಅವರ ಕೈಗೆ ಬಂತು. ರಾನ್ ಗ್ರೇನರ್ ರಾಗ ಬರೆದು ಕೊಟ್ಟಿದ್ದರು. ವಾದ್ಯಗೋಷ್ಠಿ ಇಲ್ಲ, ಸಿಂತಸೈಜರ್ ಇಲ್ಲ. ಇದ್ದದ್ದು ನಮ್ಮ ಲ್ಯಾಬಿನಲ್ಲಿರೋ ಥರದ ಟೆಸ್ಟ್ ಆಸಿಲೇಟರ್‌ಗಳು, ಮೀಟಿ ರೆಕಾರ್ಡ್ ಮಾಡಿದ ಒಂದು ತಂತಿ, ಟೇಪು. ತಂತಿಯ ಒಂದೇ ನಾದವನ್ನ ಟೇಪಿನ ವೇಗ ಬದಲಿಸಿ ಬೇರೆ ಬೇರೆ ಸ್ವರ ಮಾಡಬೇಕು. ವೇಗ ಇಮ್ಮಡಿಯಾದ್ರೆ ಸ್ವರ ಒಂದು ಸಪ್ತಕ ಮೇಲೆ ಹೋಗುತ್ತೆ, ಅವಧಿ ಅರ್ಧ ಆಗುತ್ತೆ. ಆಮೇಲೆ ಪ್ರತಿ ಸ್ವರವನ್ನೂ ಅಳೆದು, ಕತ್ತರಿಸಿ, ಅಂಟಿಸಬೇಕು. ಸೆಕೆಂಡಿಗೆ 15 ಇಂಚು ಓಡುವ ಟೇಪಿನಲ್ಲಿ ಅರ್ಧ ಸೆಕೆಂಡಿನ ಸ್ವರ ಅಂದ್ರೆ ಏಳೂವರೆ ಇಂಚು. ಮಲ್ಟಿಟ್ರ್ಯಾಕ್ ಇರಲಿಲ್ಲವಾದ್ದರಿಂದ ಬೇರೆ ಬೇರೆ ಟೇಪುಗಳನ್ನ ಒಟ್ಟಿಗೆ ಓಡಿಸಿ ಬೆರೆಸಬೇಕಿತ್ತು. ಎಲ್ಲೋ ಒಂದು ಕಡೆ ತಾಳ ತಪ್ಪುತ್ತಿದೆ ಅಂತ ಗೊತ್ತಾದಾಗ ಡೀಲಿಯಾ ಮತ್ತು ಸಹಾಯಕ ಡಿಕ್ ಮಿಲ್ಸ್ ಟೇಪುಗಳನ್ನ ಉದ್ದನೆಯ ಕಾರಿಡಾರಿನಲ್ಲಿ ಪಕ್ಕಪಕ್ಕ ಹಾಸಿ, ತಪ್ಪಾದ ಅಂಟು ಎಲ್ಲಿದೆ ಅಂತ ಹುಡುಕಿದರು. ಡೀಬಗ್ಗಿಂಗ್ ಅಂದ್ರೆ ಇದು!

ಕೇಳಿದ ಗ್ರೇನರ್‌ಗೆ ಅದು ತಾವೇ ಬರೆದದ್ದಾ ಅಂತ ಅನುಮಾನ ಬಂತು. ಅರ್ಧ ಶ್ರೇಯ ಡೀಲಿಯಾಗೆ ಸಿಗಲಿ ಅಂತ ಕೇಳಿದವರೂ ಅವರೇ, ಮನುಷ್ಯ ದೊಡ್ಡವರು. ಆದರೆ ಬಿಬಿಸಿ ನಿಯಮ ಒಪ್ಪಲಿಲ್ಲ. ಪರದೆ ಮೇಲೆ ಬಂದದ್ದು ಗ್ರೇನರ್ ಹೆಸರು ಮತ್ತು ವರ್ಕ್‌ಶಾಪಿನ ಹೆಸರು. ಇಷ್ಟು ಬರೆಯುವಾಗ ನಮ್ಮ ನಾಟಕದ ಕರಪತ್ರ ತೆಗೆದು ನೋಡಿದೆವು. ದೀಪ ಹಿಡಿದವರ ಹೆಸರಿದೆ, ಶಬ್ದ ಮಾಡಿದವರದ್ದಿಲ್ಲ.

ನಮಗೆ ಹೆಚ್ಚು ಇಷ್ಟವಾಗೋದು 'ಬ್ಲೂ ವೇಲ್ಸ್ ಅಂಡ್ ಗೋಲ್ಡನ್ ಸ್ಯಾಂಡ್ಸ್'. ಸಹಾರಾದ ಟುವಾರೆಗ್ ಜನರ ಕುರಿತ ಸಾಕ್ಷ್ಯಚಿತ್ರಕ್ಕೆ ಮಾಡಿದ ಪುಟ್ಟ ತುಣುಕು. ಸ್ಟುಡಿಯೋದಲ್ಲಿದ್ದ ಹಳೇ ಹಸಿರು ಲ್ಯಾಂಪ್‌ಶೇಡನ್ನ ಬಡಿದು ರೆಕಾರ್ಡ್ ಮಾಡಿದರು. ಬಡಿದ ಕ್ಷಣದ ಟಣ್ ಅನ್ನೋ ಏಟನ್ನ ಕತ್ತರಿಸಿ ಬಿಸಾಕಿ, ಉಳಿದ ಝೇಂಕಾರವನ್ನಷ್ಟೇ ಇಟ್ಟುಕೊಂಡರು. ಅದರೊಳಗಿನ ಆವರ್ತನಗಳನ್ನ ಬಿಡಿಸಿ ನೋಡಿ, ಆಸಿಲೇಟರ್‌ಗಳಲ್ಲಿ ಮತ್ತೆ ಕಟ್ಟಿದರು. ಫೋರಿಯರ್ ಓದಿ ಮಾರ್ಕ್ಸ್ ತಗೊಂಡ ನಮಗೆ ಇದು ಹೊಳೆದಿರಲಿಲ್ಲ. ಆಮೇಲೆ ನಮ್ಮ ತಟ್ಟೆಯ ರೆಕಾರ್ಡಿಂಗಿನಲ್ಲೂ ಮೊದಲ ಏಟು ಕತ್ತರಿಸಿ ಕೇಳಿದೆವು: ತಟ್ಟೆ ಮಾಯ, ಬರೀ ಗುಂಯ್ ಅನ್ನೋ ಗಾಳಿ.

1973ರಲ್ಲಿ ಬಿಬಿಸಿ ಬಿಟ್ಟರು. ಗ್ಯಾಸ್ ಪೈಪ್‌ಲೈನ್ ಹಾಕುವ ಕಡೆ ರೇಡಿಯೋ ಆಪರೇಟರ್ ಆದರು, ಪುಸ್ತಕದಂಗಡಿಯಲ್ಲಿ ದುಡಿದರು. ಸಂಗೀತ ಹೆಚ್ಚುಕಡಿಮೆ ನಿಂತೇಹೋಯ್ತು. 2001ರ ಜುಲೈ 3ರಂದು 64ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮನೆಯ ಅಟ್ಟದಲ್ಲಿ 267 ಟೇಪು ಸಿಕ್ಕವು. ಈಗ ಅವು ಮ್ಯಾಂಚೆಸ್ಟರಿನಲ್ಲಿವೆ. 'ಡಾಕ್ಟರ್ ಹೂ'ನ ಹೆಸರುಪಟ್ಟಿಯಲ್ಲಿ ಡೀಲಿಯಾ ಡಾರ್ಬಿಶರ್ ಅಂತ ಮೊದಲ ಸಲ ಬಂದದ್ದು 2013ರಲ್ಲಿ, ಐವತ್ತನೇ ವರ್ಷದ ವಿಶೇಷ ಸಂಚಿಕೆಗೆ.