ಚಂದ್ರಮಂಡಲಕ್ಕೆ ಹೆಸರಿಟ್ಟವನು

ಹುಣ್ಣಿಮೆಯ ಚಂದ್ರನ ಕಪ್ಪು ಕಲೆಗಳಲ್ಲಿ ನಮ್ಮ ಪೂರ್ವಿಕರು ಮೊಲವನ್ನು ಕಂಡು ಅವನನ್ನು ಶಶಾಂಕನೆಂದರು. ಜಿಂಕೆಯನ್ನು ಕಂಡು ಮೃಗಾಂಕನೆಂದರು. ಬರಿಗಣ್ಣಿನ ನೋಟಕ್ಕೆ ಅಷ್ಟೇ ಸಾಕಾಗಿತ್ತು. ಆದರೆ 1609ರಲ್ಲಿ ಗೆಲಿಲಿಯೋ ತನ್ನ ದೂರದರ್ಶಕವನ್ನು ಚಂದ್ರನತ್ತ ತಿರುಗಿಸಿದಾಗ ಅಲ್ಲಿ ಬೆಟ್ಟಗಳೂ ಬಯಲುಗಳೂ ಬಟ್ಟಲಿನಾಕಾರದ ಅಸಂಖ್ಯಾತ ಕುಳಿಗಳೂ ಗೋಚರಿಸಿದವು. ಅವುಗಳಿಗೆ ಹೆಸರೇ ಇಲ್ಲದಿದ್ದರೆ ಒಬ್ಬ ವಿದ್ವಾಂಸನು ಕಂಡುದನ್ನು ಮತ್ತೊಬ್ಬನಿಗೆ ತಿಳಿಸುವುದು ಹೇಗೆ? ಈ ತೊಡಕನ್ನು ಬಿಡಿಸಿ, ಇಂದಿಗೂ ಬಳಕೆಯಲ್ಲಿರುವ ಹೆಸರುಗಳನ್ನು ಕೊಟ್ಟವನು ಇಟಲಿಯ ಜೋವಾನ್ನಿ ಬಾಟಿಸ್ಟಾ ರಿಚ್ಚಿಯೋಲಿ.

ರಿಚ್ಚಿಯೋಲಿಯು 1598ರ ಏಪ್ರಿಲ್ 17ರಂದು ಫೆರಾರ ನಗರದಲ್ಲಿ ಜನಿಸಿದನು. ಹದಿನಾರನೆಯ ವಯಸ್ಸಿನಲ್ಲಿ ಯೇಸುಸಭೆಯೆಂಬ ಕ್ರೈಸ್ತ ಗುರುಗಳ ಸಂಸ್ಥೆಯನ್ನು ಸೇರಿದನು. ಪಾರ್ಮಾ ನಗರದಲ್ಲಿ ಅಧ್ಯಯನ ಮಾಡುತ್ತಿದ್ದಾಗ ಬಿಯಾಂಕಾನಿ ಎಂಬ ಗುರುವಿನ ಪ್ರಭಾವದಿಂದ ಅವನಲ್ಲಿ ಖಗೋಳವಿಜ್ಞಾನದ ಆಸಕ್ತಿ ಮೂಡಿತು. ಮುಂದೆ ಧರ್ಮಶಾಸ್ತ್ರವನ್ನು ಬೋಧಿಸುವುದು ಅವನ ವೃತ್ತಿಯಾಯಿತು. ಆಕಾಶವನ್ನು ಅರಿಯುವುದು ಅವನ ಬಾಳಿನ ಹಂಬಲವಾಯಿತು. ಅವನ ಜೀವನದ ಬಹುಭಾಗ ಕಳೆದದ್ದು ಬೊಲೋನ್ಯ ನಗರದಲ್ಲಿ.

ಅದು ಖಗೋಳವಿಜ್ಞಾನಿಗಳಿಗೆ ಕಠಿಣ ಪರೀಕ್ಷೆಯ ಕಾಲ. ಭೂಮಿಯು ಸೂರ್ಯನನ್ನು ಸುತ್ತುತ್ತದೆಯೆಂದು ಸಾರಿದ ಕೋಪರ್ನಿಕಸನ ಗ್ರಂಥವನ್ನು 1616ರಲ್ಲಿ ರೋಮಿನ ಧರ್ಮಾಧಿಕಾರಿಗಳು ತಡೆಹಿಡಿದಿದ್ದರು. ಅದೇ ಮತವನ್ನು ಎತ್ತಿಹಿಡಿದ ಗೆಲಿಲಿಯೋ 1633ರಲ್ಲಿ ಶಿಕ್ಷೆಗೆ ಗುರಿಯಾದನು. ಧರ್ಮಗುರುವಾದ ರಿಚ್ಚಿಯೋಲಿಯು ಈ ತೀರ್ಪಿಗೆ ಬದ್ಧನಾಗಿದ್ದನು. ಭೂಮಿಯು ನಿಶ್ಚಲವಾಗಿದೆಯೆಂಬ ಪಕ್ಷವನ್ನೇ ಅವನು ತನ್ನ ಬರಹಗಳಲ್ಲಿ ಸಮರ್ಥಿಸಿದನು. ಆದರೂ ಕಣ್ಣಾರೆ ಕಂಡುದನ್ನು ಅವನು ಮರೆಮಾಚುವವನಲ್ಲ. ಕಾಲವನ್ನು ನಿಖರವಾಗಿ ಅಳೆಯುವುದಕ್ಕಾಗಿ ಸಂಗಡಿಗರನ್ನು ಕೂಡಿಸಿಕೊಂಡು ಹಗಲಿರುಳೂ ಲೋಲಕದ ತೂಗಾಟಗಳನ್ನು ಎಣಿಸಿದನು. ಬೊಲೋನ್ಯದ ಎತ್ತರವಾದ ಅಸಿನೆಲ್ಲಿ ಗೋಪುರದಿಂದ ಗುಂಡುಗಳನ್ನು ಬೀಳಿಸಿ, ಅವು ಬೀಳುವ ಕಾಲವನ್ನು ಲೋಲಕದಿಂದ ಲೆಕ್ಕಹಾಕಿದನು. ಬೀಳುವ ವಸ್ತುಗಳನ್ನು ಕುರಿತು ಗೆಲಿಲಿಯೋ ಹೇಳಿದ್ದ ನಿಯಮವೇ ಸರಿಯೆಂದು ಕಂಡುಬಂದಿತು. ರಿಚ್ಚಿಯೋಲಿಯು ಹಿಂಜರಿಯದೆ ಅದನ್ನು ಹಾಗೆಯೇ ಬರೆದಿಟ್ಟನು.

1651ರಲ್ಲಿ ಅವನ ಮಹಾಗ್ರಂಥ 'ಅಲ್ಮಗೆಸ್ಟಮ್ ನೋವಮ್' ಪ್ರಕಟವಾಯಿತು. ಅದರಲ್ಲಿದ್ದ ಚಂದ್ರನ ನಕ್ಷೆಯನ್ನು ರಚಿಸಿದವನು ಅವನ ಕಿರಿಯ ಸಹಾಯಕ ಗ್ರಿಮಾಲ್ಡಿ, ಹೆಸರುಗಳನ್ನಿಟ್ಟವನು ರಿಚ್ಚಿಯೋಲಿ. ಅದಕ್ಕೆ ಮೊದಲು, 1645ರಲ್ಲಿ ಲಾಂಗ್ರೆನ್ ಎಂಬವನು ರಾಜರ ಮತ್ತು ಗಣ್ಯರ ಹೆಸರುಗಳನ್ನೂ, 1647ರಲ್ಲಿ ಹೆವೇಲಿಯಸನು ಭೂಮಿಯ ಬೆಟ್ಟಕಡಲುಗಳ ಹೆಸರುಗಳನ್ನೂ ಚಂದ್ರನಿಗೆ ಕೊಟ್ಟಿದ್ದರು. ರಿಚ್ಚಿಯೋಲಿಯು ಬೇರೊಂದು ದಾರಿಯನ್ನು ಹಿಡಿದನು. ಕಪ್ಪಾಗಿ ಕಾಣುವ ಬಯಲುಗಳನ್ನು ಸಮುದ್ರಗಳೆಂದು ಕರೆದು ಅವುಗಳಿಗೆ ಮಳೆ, ಬಿರುಗಾಳಿ, ಪ್ರಶಾಂತತೆ ಮುಂತಾದ ಹವೆಯ ಹೆಸರುಗಳನ್ನಿಟ್ಟನು. ಕುಳಿಗಳನ್ನು ಆಕಾಶವನ್ನು ಅರಿತವರಿಗೆ ಮೀಸಲಿಟ್ಟನು.

ಆ ಪಂಕ್ತಿಯಲ್ಲಿ ಪುರಾಣಪುರುಷರಿಗೂ ಸ್ಥಾನ ದೊರೆಯಿತು. ಆಕಾಶವನ್ನು ಹೆಗಲಮೇಲೆ ಹೊತ್ತ ಅಟ್ಲಾಸನು ನಕ್ಷತ್ರವಿದ್ಯೆಯಲ್ಲಿ ನಿಪುಣನೆಂದೂ, ವೀರನಾದ ಹರ್ಕ್ಯುಲಿಸನು ಅವನಿಂದ ಆ ವಿದ್ಯೆಯನ್ನು ಕಲಿತನೆಂದೂ ಗ್ರೀಕರಲ್ಲಿ ಒಂದು ಕಥೆಯುಂಟು. ಚಂದ್ರನ ಈಶಾನ್ಯ ಭಾಗದಲ್ಲಿ ಈ ಇಬ್ಬರ ಹೆಸರಿನ ಕುಳಿಗಳು ಅಕ್ಕಪಕ್ಕದಲ್ಲಿಯೇ ಇವೆ. ಅವುಗಳಿಗೆ ಅನತಿದೂರದಲ್ಲಿರುವುದು ಎಂಡಿಮಿಯನ್ ಕುಳಿ. ಚಂದ್ರದೇವತೆಯ ಪ್ರೀತಿಗೆ ಪಾತ್ರನಾಗಿ ಚಿರನಿದ್ರೆಯಲ್ಲಿ ಮುಳುಗಿದ ತರುಣನೇ ಈ ಎಂಡಿಮಿಯನ್.

ಆದರೆ ಎಲ್ಲರನ್ನೂ ಬೆರಗುಗೊಳಿಸುವ ಹೆಸರು ಕೋಪರ್ನಿಕಸನದು. ಯಾವನ ಮತವನ್ನು ರಿಚ್ಚಿಯೋಲಿಯು ಅದೇ ಗ್ರಂಥದಲ್ಲಿ ಖಂಡಿಸಿದನೋ, ಅವನಿಗೇ ಸುಮಾರು 93 ಕಿಲೋಮೀಟರು ಅಗಲದ, ಸುತ್ತಲೂ ಬೆಳ್ಳನೆಯ ಕಿರಣಗಳನ್ನು ಚೆಲ್ಲುವ ಭವ್ಯವಾದ ಕುಳಿಯನ್ನು ಮೀಸಲಿಟ್ಟನು! ಅದಿರುವುದು ಬಿರುಗಾಳಿಯ ಸಾಗರದಲ್ಲಿ. ಆ ಮತವನ್ನೇ ಹಿಡಿದ ಕೆಪ್ಲರನಿಗೂ ಅದೇ ಸಾಗರದಲ್ಲಿ ಸ್ಥಳವಿತ್ತನು. ತನ್ನ ಪ್ರತಿಸ್ಪರ್ಧಿ ಹೆವೇಲಿಯಸನನ್ನೂ ಮರೆಯಲಿಲ್ಲ. ತನ್ನ ಮತ್ತು ಗ್ರಿಮಾಲ್ಡಿಯ ಹೆಸರುಗಳನ್ನು ಚಂದ್ರನ ಪಶ್ಚಿಮದ ಅಂಚಿನಲ್ಲಿ ಜೊತೆಯಾಗಿ ನಿಲ್ಲಿಸಿದನು.

1663ರಲ್ಲಿ ಗ್ರಿಮಾಲ್ಡಿಯು ತೀರಿಕೊಂಡನು. 1671ರ ಜೂನ್ 25ರಂದು ಬೊಲೋನ್ಯದಲ್ಲಿ ರಿಚ್ಚಿಯೋಲಿಯೂ ಕಣ್ಮುಚ್ಚಿದನು. ನಿಶ್ಚಲವಾದ ಭೂಮಿಯನ್ನು ಕುರಿತು ಅವನು ಮಂಡಿಸಿದ ವಾದಗಳು ಕಾಲಕ್ರಮದಲ್ಲಿ ಬಿದ್ದುಹೋದವು; ಅವನಿಟ್ಟ ಹೆಸರುಗಳು ಮಾತ್ರ ಉಳಿದವು. 1969ರ ಜುಲೈ 20ರಂದು ಮಾನವನು ಮೊದಲಬಾರಿಗೆ ಚಂದ್ರನ ಮೇಲೆ ಇಳಿದದ್ದು ರಿಚ್ಚಿಯೋಲಿಯು ಹೆಸರಿಸಿದ ಪ್ರಶಾಂತ ಸಮುದ್ರದಲ್ಲಿಯೇ. ವಿದ್ವಾಂಸರನ್ನು ಗೌರವಿಸುವ ಅವನ ಪದ್ಧತಿಯನ್ನು ಅನುಸರಿಸಿ ಮುಂದೆ ನಮ್ಮ ಆರ್ಯಭಟ ಮತ್ತು ಸಿ.ವಿ. ರಾಮನ್ ಅವರ ಹೆಸರುಗಳೂ ಚಂದ್ರನ ಕುಳಿಗಳಿಗೆ ಸಂದವು. ಇತರ ಗ್ರಹಗಳ ಕೆಲವು ಚಂದ್ರರಿಗೆ ಪುರಾಣಗಳು ಆಧಾರವಾದವು. ಗುರುಗ್ರಹದ ಕ್ಯಾಲಿಸ್ಟೋ ಎಂಬ ಉಪಗ್ರಹದ ಕುಳಿಗಳು ಯುರೋಪಿನ ಉತ್ತರದೇಶಗಳ ಪುರಾಣಪುರುಷರ ಹೆಸರುಗಳನ್ನು ಧರಿಸಿವೆ.

ಒಬ್ಬನ ಅಭಿಪ್ರಾಯವನ್ನು ಒಪ್ಪದೆಯೂ ಅವನ ಹಿರಿಮೆಯನ್ನು ಮನ್ನಿಸಬಹುದು. ಧರ್ಮಾಧಿಕಾರಿಗಳು ತಡೆಹಿಡಿದ ಹೆಸರನ್ನು, ಜಗತ್ತೆಲ್ಲ ತಲೆಯೆತ್ತಿ ನೋಡುವ ಚಂದ್ರನ ಮೇಲೆ ಬರೆದು ರಿಚ್ಚಿಯೋಲಿಯು ಇದನ್ನು ತೋರಿಸಿಕೊಟ್ಟನು.