ಕಿವಿ ಮಂದವಾದ ವೈದ್ಯ ನಾಯಿಯೊಳಗಿನ ರೋಗಾಣು ಹಿಡಿದ ಕಥೆ: ಯಾರು ಈ ಶಾರ್ಲ್ ನಿಕೊಲ್?

ಮೃಗಾಲಯದ ಆವರಣದಲ್ಲಿ ಚುರುಕಾಗಿ ಓಡಾಡುವ ಕಾಡುನಾಯಿ ನೋಡಲು ಆರೋಗ್ಯವಾಗಿಯೇ ಇರಬಹುದು. ಆದರೂ ಮನುಷ್ಯರ ಪ್ರಾಣ ತೆಗೆಯಬಲ್ಲ ಪರಾವಲಂಬಿ ಜೀವಿ ಅದರ ಮೈಯೊಳಗೆ ಅಡಗಿರಬಹುದು. ಬ್ರೆಜಿಲ್‌ನ ಬೆಲೊ ಹೊರಿಜಾಂಟೆ ಮೃಗಾಲಯದಲ್ಲಿ ಮೇನ್ಡ್ ವುಲ್ಫ್, ಬುಷ್ ಡಾಗ್‌ನಂತಹ ಪ್ರಾಣಿಗಳಲ್ಲಿ ಲೀಶ್ಮೇನಿಯಾ ಸೋಂಕು ಪತ್ತೆಯಾಗಿತ್ತು. ಈ ಸೋಂಕಿಗೂ ನಾಯಿಗೂ ಇರುವ ನಂಟನ್ನು ಮೊದಲು ತೋರಿಸಿದವರು ಫ್ರಾನ್ಸ್‌ನ ವೈದ್ಯ ಶಾರ್ಲ್ ನಿಕೊಲ್.

ನಿಕೊಲ್ ಹುಟ್ಟಿದ್ದು 1866ರಲ್ಲಿ, ಫ್ರಾನ್ಸ್‌ನ ರೂಆನ್ ನಗರದಲ್ಲಿ. ತಂದೆಯೂ ವೈದ್ಯರು. ಪ್ಯಾರಿಸ್‌ನಲ್ಲಿ ಓದಿ ಊರಿಗೆ ಮರಳಿದ ನಿಕೊಲ್‌ಗೆ ಕಿವಿ ಮಂದವಾಗಿತ್ತು. ಸ್ಟೆತಸ್ಕೋಪ್ ಹಿಡಿದು ಎದೆಬಡಿತ ಆಲಿಸುವುದೇ ಕಷ್ಟ. ಹೀಗಾಗಿ ಅವರ ಒಲವು ಪ್ರಯೋಗಾಲಯದತ್ತ ತಿರುಗಿತು. 1903ರಲ್ಲಿ ಉತ್ತರ ಆಫ್ರಿಕಾದ ಟ್ಯೂನಿಸ್‌ನ ಪಾಸ್ಚರ್ ಸಂಸ್ಥೆಯ ಹೊಣೆ ಹೊತ್ತರು. ಕೊನೆಯುಸಿರಿನವರೆಗೂ ಅದೇ ಅವರ ಕರ್ಮಭೂಮಿಯಾಯಿತು.

ಅದೇ 1903ರಲ್ಲಿ ಕಾಲಾ ಅಜಾರ್‌ಗೆ ಕಾರಣವಾದ ಪರಾವಲಂಬಿಯ ಗುಟ್ಟು ಬಯಲಾಗಿತ್ತು. ಅದನ್ನು ಗುರುತಿಸಿದ ಇಬ್ಬರಲ್ಲಿ ವಿಲಿಯಂ ಲೀಶ್ಮನ್ ಒಬ್ಬರು, ಮದ್ರಾಸಿನ ಆಸ್ಪತ್ರೆಯಲ್ಲಿದ್ದ ಚಾರ್ಲ್ಸ್ ಡೊನೊವನ್ ಮತ್ತೊಬ್ಬರು. ಟ್ಯೂನಿಸ್‌ನಲ್ಲೂ ಪುಟ್ಟ ಮಕ್ಕಳಿಗೆ ಅಂಥದ್ದೇ ಕಾಯಿಲೆ ಬರುತ್ತಿತ್ತು. ಬಿಡದ ಜ್ವರ, ಊದಿದ ಗುಲ್ಮ, ರಕ್ತಹೀನತೆ. ಬದುಕುಳಿಯುವ ಮಕ್ಕಳು ಕಡಿಮೆ. ಆ ಪರಾವಲಂಬಿಗೆ 1908ರಲ್ಲಿ ನಿಕೊಲ್ ಲೀಶ್ಮೇನಿಯಾ ಇನ್‌ಫ್ಯಾಂಟಮ್ ಎಂದು ಹೆಸರಿಟ್ಟರು.

ಇಷ್ಟಕ್ಕೇ ಅವರು ಸುಮ್ಮನಾಗಲಿಲ್ಲ. ಮಗುವಿನ ಮೈ ಸೇರುವ ಮೊದಲು ಈ ಜೀವಿ ಎಲ್ಲಿರುತ್ತದೆ ಎಂಬ ಪ್ರಶ್ನೆ ಅವರನ್ನು ಕಾಡುತ್ತಿತ್ತು. ಟ್ಯೂನಿಸ್‌ನ ನಾಯಿಗಳನ್ನು ಪರೀಕ್ಷಿಸಿದಾಗ ಕೆಲವು ನಾಯಿಗಳಲ್ಲಿ ಅದೇ ಪರಾವಲಂಬಿ ಸಿಕ್ಕಿತು. ಅದೇ ವರ್ಷ ಗುಂಡಿ ಎಂಬ ದಂಶಕ ಪ್ರಾಣಿಯಲ್ಲಿ ಮತ್ತೊಂದು ಸೂಕ್ಷ್ಮಜೀವಿ ಕಾಣಿಸಿತು. ಮೊದಲು ಲೀಶ್ಮೇನಿಯಾ ಎಂದೇ ಭಾವಿಸಿದ್ದ ಅದು ಟಾಕ್ಸೊಪ್ಲಾಸ್ಮಾ ಎಂದು ಹೆಸರಾಯಿತು.

ನಿಕೊಲ್‌ಗೆ ಜಗತ್ತಿನಾದ್ಯಂತ ಕೀರ್ತಿ ತಂದದ್ದು ಮಾತ್ರ ಟೈಫಸ್ ಜ್ವರದ ಸಂಶೋಧನೆ. ಆಸ್ಪತ್ರೆಯ ಬಾಗಿಲವರೆಗೂ ಇತರರಿಗೆ ರೋಗ ಅಂಟಿಸುತ್ತಿದ್ದ ರೋಗಿಗಳು, ಸ್ನಾನ ಮಾಡಿ ಬಟ್ಟೆ ಬದಲಿಸಿ ವಾರ್ಡ್ ಸೇರಿದ ಮೇಲೆ ಯಾರಿಗೂ ಅಂಟಿಸುತ್ತಿರಲಿಲ್ಲ. ಬಟ್ಟೆಯಲ್ಲಿನ ಹೇನೇ ರೋಗವಾಹಕ ಎಂದು 1909ರಲ್ಲಿ ಸಾಬೀತುಪಡಿಸಿದರು. 1928ರ ನೊಬೆಲ್ ಪ್ರಶಸ್ತಿ ಒಲಿದದ್ದು ಇದಕ್ಕೇ.

ಅದರ ಬೆನ್ನಲ್ಲೇ ಇನ್ನೊಂದು ಸಂಗತಿ ಹೊಳೆಯಿತು. ಟೈಫಸ್ ಸೋಂಕಿದ ಕೆಲವು ಗಿನಿಯಿಲಿಗಳಿಗೆ ಜ್ವರವೇ ಬರುತ್ತಿರಲಿಲ್ಲ, ಆದರೆ ಅವುಗಳ ರಕ್ತದಿಂದ ಬೇರೆ ಪ್ರಾಣಿಗಳಿಗೆ ರೋಗ ತಗಲುತ್ತಿತ್ತು. ಲಕ್ಷಣವೇ ಇಲ್ಲದ ಸೋಂಕು ಎಂಬ ಈ ಪರಿಕಲ್ಪನೆಗೆ ನಿಕೊಲ್ ಬಹಳ ಮಹತ್ವ ಕೊಟ್ಟಿದ್ದರು.

1936ರ ಫೆಬ್ರವರಿ 28ರಂದು ಅವರು ಟ್ಯೂನಿಸ್‌ನಲ್ಲಿ ನಿಧನರಾದರು. ಸಮಾಧಿಯೂ ಅದೇ ಸಂಸ್ಥೆಯ ಆವರಣದಲ್ಲಿದೆ. ಕಾಲಾ ಅಜಾರ್ ಹರಡುವುದು ಸ್ಯಾಂಡ್‌ಫ್ಲೈ ಎಂಬ ಪುಟ್ಟ ನೊಣದ ಕಡಿತದಿಂದ ಎಂಬುದು ಖಚಿತವಾದದ್ದು ಅವರ ನಂತರ, 1942ರಲ್ಲಿ, ಭಾರತದಲ್ಲಿ ನಡೆದ ಪ್ರಯೋಗದಿಂದ.

ಇಂದಿಗೂ ಮೃಗಾಲಯಗಳ ಮುಂದಿರುವುದು ನಿಕೊಲ್ ತೋರಿಸಿದ ಸಮಸ್ಯೆಯೇ. ಸೋಂಕಿತ ಸಾಕುನಾಯಿಗಳನ್ನು ಕೊಲ್ಲುವ ಕ್ರಮ ಬ್ರೆಜಿಲ್‌ನಲ್ಲಿ ಜಾರಿಗೆ ಬಂದಿತ್ತು. ಆದರೆ ಸಂಖ್ಯೆ ಕುಸಿಯುತ್ತಿರುವ ಕಾಡುಪ್ರಾಣಿಯ ವಿಷಯದಲ್ಲಿ ಅದು ಸುಲಭದ ನಿರ್ಧಾರವಲ್ಲ. ನೊಣ ನುಸುಳದ ಸಣ್ಣ ಜಾಲರಿ, ಕೀಟನಾಶಕ, ಹೊಸದಾಗಿ ಬಂದ ಪ್ರಾಣಿಗೆ ಕ್ವಾರಂಟೈನ್, ಆರೋಗ್ಯವಾಗಿ ಕಾಣುವ ಪ್ರಾಣಿಗೂ ರಕ್ತಪರೀಕ್ಷೆ: ಇವೇ ಇರುವ ದಾರಿಗಳು.

ಭಾರತದ ಸ್ಥಿತಿ ಬೇರೆ. ಇಲ್ಲಿ ಕಾಲಾ ಅಜಾರ್ ಮುಖ್ಯವಾಗಿ ನೊಣದ ಮೂಲಕ ಮನುಷ್ಯರಿಂದ ಮನುಷ್ಯರಿಗೇ ಹರಡುತ್ತದೆ. ಬೀದಿನಾಯಿಯನ್ನು ದೂರಿ ಪ್ರಯೋಜನವಿಲ್ಲ. ರೋಗಾಣು ಎಲ್ಲಿ ನೆಲೆಸಿದೆ ಎಂಬುದನ್ನು ಆಯಾ ಊರಿನಲ್ಲೇ ಹುಡುಕಬೇಕು. ನಿಕೊಲ್ ಟ್ಯೂನಿಸ್‌ನಲ್ಲಿ ಮಾಡಿದ್ದೂ ಅದನ್ನೇ.