ನಮ್ಮೂರಿನಲ್ಲಿ ಓದಿದ ಪ್ರಧಾನಿ: ಹರ್ಬರ್ಟ್ ಹೆನ್ರಿ ಆಸ್ಕ್ವಿತ್

ಹಡರ್ಸ್‌ಫೀಲ್ಡ್ ರೈಲು ನಿಲ್ದಾಣದ ಮುಂದೆ ನಿಂತಿರುವ ಹೆರಾಲ್ಡ್ ವಿಲ್ಸನ್ ಅವರ ಪ್ರತಿಮೆಯನ್ನು ನಾವೆಲ್ಲ ನೋಡಿದ್ದೇವೆ. ಅವರು ಈ ಊರಿನಲ್ಲಿ ಹುಟ್ಟಿ ಬ್ರಿಟನ್ನಿನ ಪ್ರಧಾನಿಯಾದವರು ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಆದರೆ ಅವರಿಗಿಂತ ಅರ್ಧ ಶತಮಾನಕ್ಕೂ ಹಿಂದೆ ಇದೇ ಊರಿನ ಶಾಲೆಗೆ ಹೋದ ಇನ್ನೊಬ್ಬ ಬಾಲಕ ಪ್ರಧಾನಿಯಾಗಿದ್ದ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಲಿಬರಲ್ ಪಕ್ಷದ ನಾಯಕ ಹರ್ಬರ್ಟ್ ಹೆನ್ರಿ ಆಸ್ಕ್ವಿತ್ ಅವರೇ ಆ ಬಾಲಕ.

ಆಸ್ಕ್ವಿತ್ ಅವರು 1852ರ ಸೆಪ್ಟೆಂಬರ್ 12ರಂದು ಲೀಡ್ಸ್ ಹತ್ತಿರದ ಮಾರ್ಲಿ ಎಂಬ ಊರಿನಲ್ಲಿ ಜನಿಸಿದರು. ತಂದೆ ಉಣ್ಣೆಯ ವ್ಯಾಪಾರದಲ್ಲಿದ್ದರು. ಹರ್ಬರ್ಟ್‌ಗೆ ಎಂಟು ವರ್ಷ ತುಂಬುವ ಹೊತ್ತಿಗೆ, 1860ರಲ್ಲಿ, ತಂದೆ ತೀರಿಕೊಂಡರು. ತಾಯಿ ಎಮಿಲಿ ಆರೋಗ್ಯವಂತರಲ್ಲ. ಆದರೆ ಚೆನ್ನಾಗಿ ಓದಿಕೊಂಡವರು. ಅವರು ಮಕ್ಕಳನ್ನು ಕರೆದುಕೊಂಡು ಹಡರ್ಸ್‌ಫೀಲ್ಡಿನ ತವರಿಗೆ ಬಂದರು. ಅಜ್ಜ ವಿಲಿಯಂ ವಿಲನ್ಸ್ ಇಲ್ಲಿ ಹೆಸರುವಾಸಿಯಾದ ಉಣ್ಣೆ ವ್ಯಾಪಾರಿ. ಅವರ ಆಸರೆಯಲ್ಲಿ ಹರ್ಬರ್ಟ್ ಹಡರ್ಸ್‌ಫೀಲ್ಡ್ ಕಾಲೇಜ್ ಎಂಬ ಶಾಲೆಗೆ ಸೇರಿದರು. 1863ರಲ್ಲಿ ಅಜ್ಜನೂ ಕಾಲವಾದ ಮೇಲೆ ಹರ್ಬರ್ಟ್ ಮತ್ತು ಅಣ್ಣನನ್ನು ಲಂಡನ್ನಿಗೆ ಕಳುಹಿಸಲಾಯಿತು.

ಅಲ್ಲಿಂದ ಅವರ ಕೈ ಹಿಡಿದದ್ದು ವಿದ್ಯೆ. ಸಿಟಿ ಆಫ್ ಲಂಡನ್ ಶಾಲೆಯಲ್ಲಿ ಓದಿ, ವಿದ್ಯಾರ್ಥಿವೇತನ ಗಳಿಸಿ, ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜು ಸೇರಿದರು. 1876ರಲ್ಲಿ ವಕೀಲರಾದರು. ಆರಂಭದಲ್ಲಿ ಕಕ್ಷಿದಾರರು ಹೆಚ್ಚಾಗಿ ಬರಲಿಲ್ಲ. ಪತ್ರಿಕೆಗಳಿಗೆ ಲೇಖನ ಬರೆದು ಸಂಸಾರ ನಡೆಸಿದರು. 1886ರಲ್ಲಿ ಸ್ಕಾಟ್ಲೆಂಡಿನ ಈಸ್ಟ್ ಫೈಫ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆಯ್ಕೆಯಾದರು. 1891ರಲ್ಲಿ ಪತ್ನಿ ಹೆಲೆನ್ ಟೈಫಾಯ್ಡ್ ಜ್ವರದಿಂದ ತೀರಿಕೊಂಡಾಗ ಐದು ಮಕ್ಕಳ ಹೊಣೆ ಅವರ ಮೇಲೆ ಬಿತ್ತು. ಮರುವರ್ಷವೇ ಅವರು ದೇಶದ ಗೃಹಮಂತ್ರಿಯಾದರು. ಅದೇ 1892ರ ಚುನಾವಣೆಯಲ್ಲಿ ಅವರದೇ ಪಕ್ಷದಿಂದ ನಮ್ಮ ದಾದಾಭಾಯಿ ನವರೋಜಿಯವರು ಲಂಡನ್ನಿನಲ್ಲಿ ಗೆದ್ದು ಪಾರ್ಲಿಮೆಂಟ್ ಪ್ರವೇಶಿಸಿದರೆಂಬುದನ್ನು ಇಲ್ಲಿ ನೆನೆಯಬೇಕು. ಗೃಹಮಂತ್ರಿಯಾಗಿ ಆಸ್ಕ್ವಿತ್ 1893ರಲ್ಲಿ ಮೊಟ್ಟಮೊದಲ ಬಾರಿಗೆ ಮಹಿಳೆಯರನ್ನು ಕಾರ್ಖಾನೆ ತಪಾಸಣಾಧಿಕಾರಿಗಳಾಗಿ ನೇಮಿಸಿದರು. ಸಾವಿರಾರು ಹೆಂಗಸರು ದುಡಿಯುತ್ತಿದ್ದ ಯಾರ್ಕ್‌ಷೈರಿನ ಗಿರಣಿಗಳಿಗೆ ಇದು ಸಣ್ಣ ಸಂಗತಿಯಲ್ಲ.

1908ರ ಏಪ್ರಿಲ್‌ನಲ್ಲಿ ಅವರು ಪ್ರಧಾನಿಯಾದರು. ಅದೇ ವರ್ಷ ವೃದ್ಧಾಪ್ಯ ವೇತನದ ಕಾಯಿದೆ ಬಂತು. 1909ರ ಜನವರಿ 1ರಿಂದ, ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ ಗರಿಷ್ಠ 5 ಷಿಲಿಂಗ್ ಸಿಗತೊಡಗಿತು. ಅದುವರೆಗೆ ದುಡಿಯಲಾಗದ ಅನೇಕ ಮುದುಕರು ಸರ್ಕಾರಿ ಅನಾಥಾಲಯದಂತಿದ್ದ ವರ್ಕ್‌ಹೌಸ್ ಬಾಗಿಲು ತಟ್ಟಬೇಕಿತ್ತು. ಹಣ ಸ್ವಲ್ಪವೇ ಆದರೂ ಅದು ಭಿಕ್ಷೆಯಲ್ಲ, ಹಕ್ಕು ಎಂಬ ಭಾವನೆ ಮೂಡಿತು.

ಇಂಥ ಯೋಜನೆಗಳಿಗೆ ಹಣ ಬೇಕಲ್ಲ? 1909ರಲ್ಲಿ ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ಶ್ರೀಮಂತರ ಮೇಲೂ ಭೂಮಿಯ ಮೇಲೂ ತೆರಿಗೆ ಹಾಕಿದರು. ಜಮೀನ್ದಾರರೇ ತುಂಬಿದ್ದ ಮೇಲ್ಮನೆ ಆ ಬಜೆಟ್ಟನ್ನು ತಿರಸ್ಕರಿಸಿತು. ಆಸ್ಕ್ವಿತ್ 1910ರಲ್ಲಿ ಎರಡು ಬಾರಿ ಚುನಾವಣೆ ಎದುರಿಸಿ, 1911ರಲ್ಲಿ ಪಾರ್ಲಿಮೆಂಟ್ ಕಾಯಿದೆಯನ್ನು ಜಾರಿಗೆ ತಂದರು. ಹಣಕಾಸಿನ ಮಸೂದೆಯನ್ನು ಮೇಲ್ಮನೆ ಒಂದು ತಿಂಗಳಿಗಿಂತ ಹೆಚ್ಚು ತಡೆಹಿಡಿಯುವಂತಿಲ್ಲ ಎಂದಾಯಿತು. ಭಾರತದಲ್ಲಿಯೂ ರಾಜ್ಯಸಭೆಯು ಹಣಕಾಸಿನ ಮಸೂದೆಯನ್ನು 14 ದಿನಗಳೊಳಗೆ ಹಿಂದಿರುಗಿಸಬೇಕು. ಜನರು ಆರಿಸಿದ ಸಭೆಯ ಮಾತೇ ಕೊನೆಯ ಮಾತು ಎಂಬ ತತ್ವ ಎರಡು ಕಡೆಯೂ ಒಂದೇ.

ಆದರೆ ಆ ಜನರಲ್ಲಿ ಹೆಂಗಸರು ಸೇರಿರಲಿಲ್ಲ! ಮಹಿಳೆಯರಿಗೆ ಮತದಾನದ ಹಕ್ಕು ಕೊಡುವುದನ್ನು ಆಸ್ಕ್ವಿತ್ ವರ್ಷಗಟ್ಟಲೆ ವಿರೋಧಿಸಿದರು. ಹಡರ್ಸ್‌ಫೀಲ್ಡಿನಲ್ಲಿ 1906ರ ಉಪಚುನಾವಣೆಯ ವೇಳೆ ಎಮಲೀನ್ ಪ್ಯಾಂಕ್‌ಹರ್ಸ್ಟ್ ಮತ್ತು ಅವರ ಸಂಗಾತಿಗಳು ಬಂದು ಪ್ರಚಾರ ಮಾಡಿದ್ದರು. 1910ರ ನವೆಂಬರ್ 18ರಂದು ಮಹಿಳೆಯರ ದೊಡ್ಡ ತಂಡ ಪ್ರಧಾನಿಯನ್ನು ಕಾಣಲು ಪಾರ್ಲಿಮೆಂಟಿಗೆ ಹೋಯಿತು. ಮಹಾರಾಜ ರಣಜಿತ್ ಸಿಂಗರ ಮೊಮ್ಮಗಳು ಸೋಫಿಯಾ ದುಲೀಪ್ ಸಿಂಗ್ ಕೂಡ ಅದರಲ್ಲಿದ್ದರು. ಆಸ್ಕ್ವಿತ್ ಅವರನ್ನು ಭೇಟಿಯಾಗಲಿಲ್ಲ. ಹೊರಗೆ ಪೊಲೀಸರು ಗಂಟೆಗಟ್ಟಲೆ ಅವರನ್ನು ಎಳೆದಾಡಿದರು. ಇಂಗ್ಲೆಂಡಿನ ಇತಿಹಾಸ ಆ ದಿನವನ್ನು ಕರಾಳ ಶುಕ್ರವಾರವೆಂದು ನೆನೆಯುತ್ತದೆ. ವಿಧವೆ ತಾಯಿಯ ಆರೈಕೆಯಲ್ಲಿ ಬೆಳೆದ, ಮಹಿಳಾ ಅಧಿಕಾರಿಗಳನ್ನು ನೇಮಿಸಿದ ವ್ಯಕ್ತಿ ಹೀಗೇಕೆ ನಡೆದುಕೊಂಡರು ಎಂದು ನಾವು ಕೇಳಲೇಬೇಕು.

ಅವರ ಕಾಲದಲ್ಲೇ ಭಾರತಕ್ಕೆ 1909ರ ಮಿಂಟೋ-ಮಾರ್ಲೆ ಸುಧಾರಣೆಗಳು ಬಂದವು. 1911ರಲ್ಲಿ ರಾಜಧಾನಿ ಕಲ್ಕತ್ತೆಯಿಂದ ದೆಹಲಿಗೆ ಬದಲಾಗುವ ಘೋಷಣೆಯೂ ಆಯಿತು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಭಾರತೀಯರನ್ನು ಒಂದು ಮಾತೂ ಕೇಳದೆ ಭಾರತವನ್ನು ಯುದ್ಧಕ್ಕೆ ಸೇರಿಸಲಾಯಿತು. ನಮ್ಮ ಮೈಸೂರು ಸಂಸ್ಥಾನದ ಅಶ್ವದಳವೂ ಆ ವರ್ಷವೇ ಹಡಗೇರಿ ಈಜಿಪ್ಟಿಗೆ ಹೋಯಿತು. ಯುದ್ಧ ಆಸ್ಕ್ವಿತ್ ಅವರ ಮನೆಯನ್ನೂ ಬಿಡಲಿಲ್ಲ. 1916ರ ಸೆಪ್ಟೆಂಬರಿನಲ್ಲಿ ಹಿರಿಯ ಮಗ ರೇಮಂಡ್ ಫ್ರಾನ್ಸಿನ ಸೋಮ್ ರಣರಂಗದಲ್ಲಿ ಮಡಿದರು. ಯುದ್ಧವನ್ನು ಸರಿಯಾಗಿ ನಡೆಸುತ್ತಿಲ್ಲವೆಂಬ ಟೀಕೆ ಹೆಚ್ಚಿ, ಅದೇ ಡಿಸೆಂಬರಿನಲ್ಲಿ ಅವರು ರಾಜೀನಾಮೆ ಕೊಟ್ಟರು.

ಯುದ್ಧಕಾಲದಲ್ಲಿ ಮಹಿಳೆಯರು ಕಾರ್ಖಾನೆ, ಆಸ್ಪತ್ರೆ, ಹೊಲಗಳಲ್ಲಿ ದುಡಿದದ್ದನ್ನು ಕಂಡು ಆಸ್ಕ್ವಿತ್ ಮನಸ್ಸು ಬದಲಾಯಿಸಿದರು. 1917ರಲ್ಲಿ ಪಾರ್ಲಿಮೆಂಟಿನಲ್ಲೇ ಅದನ್ನು ಹೇಳಿದರು. 1918ರಲ್ಲಿ ಮೂವತ್ತು ದಾಟಿದ ಅನೇಕ ಮಹಿಳೆಯರಿಗೆ ಮತದಾನದ ಹಕ್ಕು ಬಂತು. ಆ ವರ್ಷದ ಚುನಾವಣೆಯಲ್ಲಿ ಆಸ್ಕ್ವಿತ್ ಸೋತರು. 1920ರಲ್ಲಿ ಪೇಸ್ಲಿ ಕ್ಷೇತ್ರದಿಂದ ಮತ್ತೆ ಗೆದ್ದರು. ಮಗಳು ವೈಲೆಟ್ ಅವರ ಪರವಾಗಿ ಊರೆಲ್ಲ ಭಾಷಣ ಮಾಡಿದ್ದರು, ಮತ ಹಾಕಿದವರಲ್ಲಿ ಹೆಂಗಸರೂ ಇದ್ದರು. 1928ರ ಫೆಬ್ರವರಿ 15ರಂದು ಆಸ್ಕ್ವಿತ್ ನಿಧನರಾದರು. ಗಂಡಸರಷ್ಟೇ ಸಮನಾದ ಮತದಾನದ ಹಕ್ಕು ಮಹಿಳೆಯರಿಗೆ ದೊರೆತದ್ದು ಅದೇ ವರ್ಷದ ಜುಲೈನಲ್ಲಿ.

ಮಕ್ಕಳೇ, ದೊಡ್ಡವರ ಜೀವನವನ್ನು ಓದುವಾಗ ನಾವು ಬರೀ ಹೊಗಳಬಾರದು, ಬರೀ ತೆಗಳಲೂಬಾರದು. ಅಜ್ಜ ಅಜ್ಜಿಯರಿಗೆ ಹಕ್ಕು ಕೊಟ್ಟವರೇ ತಾಯಂದಿರಿಗೆ ಬಹುಕಾಲ ಅದನ್ನು ನಿರಾಕರಿಸಿದರು. ತಪ್ಪೆಂದು ಕಂಡಾಗ ಎಲ್ಲರೆದುರು ನಿಲುವು ಬದಲಿಸಿದರು, ನಿಜ. ಆದರೆ ಆ ಬದಲಾವಣೆ ತಾನಾಗಿ ಬರಲಿಲ್ಲ, ಸಾವಿರಾರು ಹೆಂಗಸರು ಕಷ್ಟಪಟ್ಟು ತರಿಸಿದ್ದು. ಪಾಲಕರಲ್ಲೂ ಒಂದು ವಿನಂತಿ. ಭಾರತದ ಪೌರರಾಗಿದ್ದರೂ ಇಲ್ಲಿ ಕಾನೂನುಬದ್ಧವಾಗಿ ನೆಲೆಸಿರುವವರು ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಮುಂದಿನ ಚುನಾವಣೆಯ ದಿನ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅಮ್ಮ ಮತ ಹಾಕಿ ಬರುವುದನ್ನು ಅವರು ನೋಡಲಿ.